ತೆರೆಯಲೊಲ್ಲದ ಕಡತ

ಕೆನಡಾದಲ್ಲಿ ನೆಲೆಸಿದ ಮಗಳ ಬಾಣಂತನಕ್ಕೆಂದು ಹೊರಟುನಿಂತ ತಾಯಿತಂದೆಗಳು ವೀಸಾ ಅರ್ಜಿಯನ್ನು ಕಂಪ್ಯೂಟರಿನಲ್ಲಿ ತೆರೆದಾಗ, ಅರ್ಜಿಗೆ ಬದಲಾಗಿ 'ದಯವಿಟ್ಟು ಕಾಯಿರಿ' ಎಂಬರ್ಥದ ಇಂಗ್ಲಿಷ್ ಸೂಚನೆಯೊಂದು ಪರದೆಯ ಮೇಲೆ ಮೂಡಿ ನಿಲ್ಲುವುದುಂಟು. ಸಜ್ಜನರು ಕಾಯುತ್ತಾರೆ. ಕಾಫಿ ಮುಗಿಸಿ ಬಂದರೂ ಸೂಚನೆ ಅಲ್ಲಿಯೇ ಇರುತ್ತದೆ. ರಾತ್ರಿಯ ಊಟವಾದ ಮೇಲೂ ಅಲ್ಲಿಯೇ ಇರುತ್ತದೆ. ಇಂಟರ್‌ನೆಟ್ ಸಂಪರ್ಕವನ್ನು ದೂರುವುದು, ಕಂಪ್ಯೂಟರನ್ನು ಆರಿಸಿ ಮತ್ತೆ ಹಾಕುವುದು, ಪಕ್ಕದ ಮನೆಯ ಕಾಲೇಜು ಹುಡುಗನನ್ನು ಕರೆಸುವುದು, ಇವೆಲ್ಲ ಕ್ರಮವಾಗಿ ನಡೆಯುತ್ತವೆ. ಇತ್ತ ಮಗಳ ಹೆರಿಗೆಯ ದಿನ ಸಮೀಪಿಸುತ್ತಿರುತ್ತದೆ. ವಾಸ್ತವದಲ್ಲಿ ಅಲ್ಲಿ ಕಾಯಬೇಕಾದುದು ಏನೂ ಇಲ್ಲ. ಕಡತವು ಸಂಪೂರ್ಣವಾಗಿ ಮನೆ ಸೇರಿದೆ. ಅದನ್ನು ಓದಬಲ್ಲ ಸಾಧನವನ್ನು ಮಾತ್ರ ಯಾರೂ ಅದರ ಮುಂದೆ ಇಟ್ಟಿಲ್ಲ.

ಇದು ಅರ್ಥವಾಗಬೇಕಾದರೆ ಬ್ರೌಸರಿನ ಪೂರ್ವಾಪರವನ್ನು ಕೊಂಚ ತಿಳಿಯಬೇಕು. ಜಾಲಪುಟಗಳನ್ನು ತೋರಿಸುವುದಕ್ಕಾಗಿ ಹುಟ್ಟಿದ ಸಾಧನ ಅದು. ಪಿಡಿಎಫ್ ಎಂಬ ದಾಖಲೆಯ ರೂಪವನ್ನು ಅಡೋಬಿ ಸಂಸ್ಥೆ 1993ರಲ್ಲಿ ಪ್ರತ್ಯೇಕವಾಗಿಯೇ ಹೊರತಂದಿತು. ಬಹುಕಾಲದವರೆಗೆ ಬ್ರೌಸರಿಗೆ ಪಿಡಿಎಫ್ ಓದಲು ಬರುತ್ತಿರಲಿಲ್ಲ. ಅಡೋಬಿಯವರ ವಾಚಕ ತಂತ್ರಾಂಶವು ಅದರೊಳಗೆ ಅತಿಥಿಯಂತೆ ಕುಳಿತು ಆ ಕೆಲಸ ಮಾಡಿಕೊಡುತ್ತಿತ್ತು. 2010ರಲ್ಲಿ ಕ್ರೋಮ್, 2013ರಲ್ಲಿ ಫೈರ್‌ಫಾಕ್ಸ್ ತಾವೇ ಓದುವುದನ್ನು ಕಲಿತುಕೊಂಡವು. ಬಳಿಕ 2015ರಲ್ಲಿ ಕ್ರೋಮ್, 2017ರಲ್ಲಿ ಫೈರ್‌ಫಾಕ್ಸ್ ಹಳೆಯ ಅತಿಥಿಗಳಿಗೆ ಬಾಗಿಲು ಮುಚ್ಚಿದವು. ಭದ್ರತೆಯ ದೃಷ್ಟಿಯಿಂದ ಅದು ಒಳ್ಳೆಯದೇ ಆಯಿತು. ಆದರೆ ಪಿಡಿಎಫ್ ಎಂಬ ಒಂದೇ ಹೆಸರಿನಲ್ಲಿ ಹಲವು ಬಗೆಯ ಕಡತಗಳಿವೆ. ಬ್ರೌಸರು ಕಲಿತದ್ದು ಅವುಗಳಲ್ಲಿ ಸಾಮಾನ್ಯವಾದುವನ್ನು ಮಾತ್ರ.

ಕೆನಡಾ ಸರ್ಕಾರದ ವಲಸೆ ಇಲಾಖೆ ಬಹುಕಾಲ ಬಳಸಿದ ಅರ್ಜಿಗಳು ಎಕ್ಸ್‌ಎಫ್‌ಎ ಎಂಬ ವಿಶೇಷ ಬಗೆಗೆ ಸೇರಿದುವು. ಅಂಥ ಕಡತದ ಒಳಗೆ ನಿಜವಾದ ಅರ್ಜಿ ಬೇರೊಂದು ಭಾಷೆಯಲ್ಲಿ ಅಡಗಿರುತ್ತದೆ. ಹೊರಗೆ ಕಾಣುವ ಒಂದು ಪುಟ ಕೇವಲ ಹೊದಿಕೆ. ಓದಬಲ್ಲ ತಂತ್ರಾಂಶ ಸಿಕ್ಕೊಡನೆ ಆ ಹೊದಿಕೆ ತಾನಾಗಿ ಸರಿಯಬೇಕು. ಸಿಕ್ಕದಿದ್ದರೆ ಅದರ ಮೇಲೆ ಅಚ್ಚಾದ 'ಕಾಯಿರಿ' ಎಂಬ ಮಾತೇ ಉಳಿಯುತ್ತದೆ. ಅರ್ಜಿ ರಚಿಸಿದವರು ಆ ಹೊದಿಕೆಯ ಮೇಲೆ 'ಬೇರೆ ತಂತ್ರಾಂಶದಲ್ಲಿ ತೆರೆಯಿರಿ' ಎಂದು ದಪ್ಪಕ್ಷರದಲ್ಲಿ ಬರೆದಿದ್ದರೆ ಎಷ್ಟೋ ಮನೆಗಳ ನಿದ್ರೆ ಉಳಿಯುತ್ತಿತ್ತು! ಪಿಡಿಎಫ್‌ನ ಅಂತರರಾಷ್ಟ್ರೀಯ ಮಾನಕದ 2017ರ ಆವೃತ್ತಿ ಈ ಬಗೆಯನ್ನು ಕೈಬಿಡತಕ್ಕದ್ದೆಂದು ಸಾರಿದೆ. ಆದರೂ ಕಚೇರಿಗಳು ಹಳೆಯ ನಮೂನೆಗಳನ್ನು ಅಷ್ಟು ಬೇಗ ಬಿಡುವುದಿಲ್ಲವೆಂಬುದು ಎಲ್ಲ ದೇಶಗಳಿಗೂ ಸಲ್ಲುವ ಮಾತು.

ಪರಿಹಾರ ಸುಲಭವಾದುದು. ಅರ್ಜಿಯ ಕೊಂಡಿಯ ಮೇಲೆ ಮೌಸಿನ ಬಲಗುಂಡಿಯನ್ನು ಒತ್ತಿ, ಕಡತವನ್ನು ಕಂಪ್ಯೂಟರಿನಲ್ಲಿ ಉಳಿಸಿಕೊಂಡು, ಉಚಿತವಾಗಿಯೇ ದೊರೆಯುವ ಅಡೋಬಿ ಆಕ್ರೊಬ್ಯಾಟ್ ರೀಡರ್ ತಂತ್ರಾಂಶದಲ್ಲಿ ತೆರೆಯಬೇಕು. ಮೊಬೈಲಿನಲ್ಲಿ ಈ ಪ್ರಯತ್ನ ಫಲಿಸದು. ಅದೇ ಹೆಸರಿನ ಮೊಬೈಲ್ ತಂತ್ರಾಂಶಕ್ಕೂ ಈ ಬಗೆಯ ಅರ್ಜಿ ಬಾರದು. ಫೈರ್‌ಫಾಕ್ಸ್ 2021ರ ಅಕ್ಟೋಬರಿನಲ್ಲಿ ಬಂದ ಆವೃತ್ತಿಯಿಂದೀಚೆಗೆ ಇಂಥವನ್ನು ತೋರಿಸುತ್ತದಾದರೂ, ತುಂಬಿದ ಅರ್ಜಿಯನ್ನು ಪರಿಶೀಲಿಸಿ ಕೊನೆಯಲ್ಲಿ ಪಟ್ಟೆಸಂಕೇತವನ್ನು ಮೂಡಿಸುವ ಗುಂಡಿಯಿರುವ ಅರ್ಜಿಗಳಿಗೆ ಅಡೋಬಿಯವರದೇ ಕ್ಷೇಮ. ಕೆಲವರು ಜಾಣತನದಿಂದ ಬ್ರೌಸರಿನಲ್ಲಿಯೇ ಮುದ್ರಣದ ಆಜ್ಞೆ ಕೊಟ್ಟು ಹೊಸ ಪಿಡಿಎಫ್ ಮಾಡಿಕೊಳ್ಳಲು ನೋಡುತ್ತಾರೆ. ಆಗ ಅಂದವಾಗಿ ಮುದ್ರಿತವಾಗುವುದು 'ದಯವಿಟ್ಟು ಕಾಯಿರಿ' ಎಂಬ ಪುಟವೇ.

ಕಡತ ಸರಿಯಿದ್ದು ಓದುವ ಸಾಧನ ತಪ್ಪಿದ ಪ್ರಸಂಗ ಇದಾಯಿತು. ಇದಕ್ಕೆ ವಿರುದ್ಧವಾದುದೂ ಅಷ್ಟೇ ಸಾಮಾನ್ಯ. ಬ್ಯಾಂಕಿನ ಲೆಕ್ಕಪಟ್ಟಿಯನ್ನು ಇಳಿಸಿಕೊಳ್ಳಲು ಕುಳಿತ ಗೃಹಸ್ಥರು ನಡುವೆ ದೂರವಾಣಿಗೆ ಎದ್ದುಹೋಗಿ, ಹದಿನೈದು ನಿಮಿಷದ ಬಳಿಕ ಬಂದು ಗುಂಡಿ ಒತ್ತುತ್ತಾರೆ. ಅಷ್ಟರಲ್ಲಿ ಬ್ಯಾಂಕಿನ ಜಾಲತಾಣ ಅವರ ಪ್ರವೇಶವನ್ನು ರದ್ದು ಮಾಡಿರುತ್ತದೆ. ಲೆಕ್ಕಪಟ್ಟಿಗೆ ಬದಲಾಗಿ 'ಮತ್ತೆ ಹೆಸರು, ಪಾಸ್‌ವರ್ಡ್ ಕೊಡಿ' ಎಂಬ ಪುಟವೇ ಪಿಡಿಎಫ್ ಎಂಬ ಹೆಸರು ಹೊತ್ತು ಇಳಿದು ಬರುವುದುಂಟು. ಹೆಸರು ಪಿಡಿಎಫ್, ಒಳಗಿರುವುದು ಜಾಲಪುಟ. ಯಾವ ವಾಚಕ ತಾನೇ ಓದೀತು? ಸಂಪರ್ಕ ನಡುವೆ ಕಡಿದರೂ ಇಂಥದೇ ಅವಸ್ಥೆ. ಪಿಡಿಎಫ್ ಕಡತದ ಒಂದು ಸೋಜಿಗವೆಂದರೆ, ಯಾವ ಪುಟ ಎಲ್ಲಿದೆಯೆಂಬ ಅನುಕ್ರಮಣಿಕೆ ಸಾಮಾನ್ಯವಾಗಿ ಅದರ ಕೊನೆಯಲ್ಲಿರುತ್ತದೆ. ಓದುವ ತಂತ್ರಾಂಶ ಮೊದಲು ನೋಡುವುದು ಆ ತುದಿಯನ್ನೇ. ಹಾಗಾಗಿ ನೂರು ಪುಟಗಳಲ್ಲಿ ತೊಂಬತ್ತೊಂಬತ್ತು ಬಂದು ಬಾಲ ಮಾತ್ರ ಕತ್ತರಿಸಿಹೋದರೂ, ಇಡೀ ಕಡತವೇ ಕೆಟ್ಟಿದೆಯೆಂದು ಬ್ರೌಸರು ಕೈಚೆಲ್ಲಬಹುದು.

ಪರೀಕ್ಷೆಗೆ ಎರಡು ಉಪಾಯಗಳಿವೆ. ಮೊದಲನೆಯದು ಕಡತದ ಗಾತ್ರವನ್ನು ನೋಡುವುದು. ಆರು ತಿಂಗಳ ಲೆಕ್ಕಪಟ್ಟಿ ಸೊನ್ನೆ ಬೈಟ್‌ಗಳಷ್ಟಿದ್ದರೆ ಹೇಳುವುದೇನಿದೆ? ಎರಡನೆಯದು, ಕಡತವನ್ನು ನೋಟ್‌ಪ್ಯಾಡಿನಂಥ ಸರಳ ಬರವಣಿಗೆಯ ತಂತ್ರಾಂಶದಲ್ಲಿ ತೆರೆದು, ಏನನ್ನೂ ಬದಲಿಸದೆ, ಮೊದಲ ಸಾಲನ್ನು ನೋಡುವುದು. ಶೇಕಡಾ ಚಿಹ್ನೆಯೂ ಅದರ ಹಿಂದೆ ಪಿಡಿಎಫ್ ಎಂಬ ಮೂರು ಇಂಗ್ಲಿಷ್ ಅಕ್ಷರಗಳೂ ಇದ್ದರೆ ಅದು ಪಿಡಿಎಫ್ ಕುಲದ್ದೇ ಸರಿ. ಪಿ ಮತ್ತು ಕೆ ಎಂಬ ಎರಡು ಅಕ್ಷರಗಳಿದ್ದರೆ ಅದು ಈಚಿನ ವರ್ಡ್ ಅಥವಾ ಎಕ್ಸೆಲ್ ದಾಖಲೆಯಾಗಿರಬಹುದು. ಅಂಥ ದಾಖಲೆಗಳು ಜಿಪ್ ಎಂಬ ಗಂಟಿನೊಳಗೆ ಕಟ್ಟಲ್ಪಟ್ಟಿರುತ್ತವೆ, ಆ ಅಕ್ಷರಗಳು ಜಿಪ್‌ನ ನಿರ್ಮಾತೃ ಫಿಲ್ ಕಾಟ್ಜ್ ಅವರ ಹೆಸರಿನವು. ವರ್ಡ್ ದಾಖಲೆಯನ್ನು ಬ್ರೌಸರು ಸಾಮಾನ್ಯವಾಗಿ ತಾನೇ ತೋರಿಸದು, ಇಳಿಸಿ ಕೊಟ್ಟು ಸುಮ್ಮನಾಗುತ್ತದೆ, ಅದು ದೋಷವಲ್ಲ. ಪಿಡಿಎಫ್ ತೆರೆಯುವ ಬದಲು ಪ್ರತಿ ಸಲವೂ ಇಳಿಯುತ್ತಿದ್ದರೆ ಅದು ಬ್ರೌಸರಿನ ಸೆಟ್ಟಿಂಗಿನಲ್ಲಿ ಯಾರೋ ಮಾಡಿದ ಆಯ್ಕೆಯಾಗಿರಬಹುದು, ಇಲ್ಲವೆ ಕಳುಹಿಸುವ ಜಾಲತಾಣದವರೇ ಹಾಗೆ ವಿಧಿಸಿರಬಹುದು.

ಉದ್ಯೋಗಕ್ಕೆ ಅರ್ಜಿ ಹಾಕುವ ತರುಣ ತರುಣಿಯರು ಈ ಪರೀಕ್ಷೆಯನ್ನು ಕಳುಹಿಸುವ ಮುನ್ನವೇ ಮಾಡಿಕೊಳ್ಳುವುದು ಲೇಸು. ತನ್ನ ಕಂಪ್ಯೂಟರಿನಲ್ಲಿ ತೆರೆಯಿತೆಂದ ಮಾತ್ರಕ್ಕೆ ಎದುರಿನವರ ಬ್ರೌಸರಿನಲ್ಲಿಯೂ ತೆರೆದೀತೆಂಬ ಭರವಸೆಯಿಲ್ಲ. ತೆರೆಯದ ಅರ್ಜಿಯನ್ನು ಬದಿಗಿಟ್ಟು ಮುಂದಿನದನ್ನು ಕೈಗೆತ್ತಿಕೊಳ್ಳುವವರು ಅದನ್ನು ತಿಳಿಸುವ ಗೋಜಿಗೂ ಹೋಗುವುದಿಲ್ಲ.

ಇ-ಆಧಾರಿನ ವಿಚಾರವೇ ಬೇರೆ. ಅದು ಕೆಟ್ಟಿರುವುದಿಲ್ಲ, ಬೀಗ ಹಾಕಿರುತ್ತದೆ. ಹೆಸರಿನ ಮೊದಲ ನಾಲ್ಕು ಅಕ್ಷರಗಳನ್ನು ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಜನನ ವರ್ಷದ ನಾಲ್ಕು ಅಂಕೆಗಳನ್ನು ಸೇರಿಸಿದರೆ ಅದೇ ಬೀಗದ ಕೈ. ಹೆಸರಿಗೆ ಮುನ್ನ ಇನಿಷಿಯಲ್ ಇಟ್ಟುಕೊಳ್ಳುವ ನಮ್ಮ ಕಡೆಯವರು ಎಡವುವುದು ಇಲ್ಲಿಯೇ. ಇನಿಷಿಯಲಿನ ಮುಂದಿರುವ ಚುಕ್ಕೆಯೂ ಒಂದು ಅಕ್ಷರವೆಂದೇ ಲೆಕ್ಕ; ನಡುವಿನ ತೆರಪು ಮಾತ್ರ ಲೆಕ್ಕಕ್ಕಿಲ್ಲ. ಮನೆಯಲ್ಲಿ ಕರೆಯುವ ಹೆಸರಾಗಲಿ ಶಾಲೆಯ ದಾಖಲೆಯ ಹೆಸರಾಗಲಿ ನಡೆಯದು, ಆಧಾರಿನಲ್ಲಿ ಅಚ್ಚಾಗಿರುವಂತೆಯೇ ಇರಬೇಕು.

ಕಡತ ತೆರೆದು, ಕನ್ನಡದ ಜಾಗದಲ್ಲಿ ಚಿತ್ರವಿಚಿತ್ರ ಲ್ಯಾಟಿನ್ ಅಕ್ಷರಗಳು ಕಂಡರೆ ಗಾಬರಿ ಬೇಡ. ನುಡಿ ಮೊದಲಾದ ಹಳೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಾದ ವರ್ಡ್ ದಾಖಲೆಯ ಲಕ್ಷಣವದು. ಆ ಅಕ್ಷರವಿನ್ಯಾಸವನ್ನು ಕಂಪ್ಯೂಟರಿನಲ್ಲಿ ಅಳವಡಿಸಿದರೆ ಅಥವಾ ಬರಹವನ್ನು ಯೂನಿಕೋಡಿಗೆ ಪರಿವರ್ತಿಸಿದರೆ ಕನ್ನಡ ಮರಳುತ್ತದೆ.

ಇಷ್ಟೆಲ್ಲದರ ನಡುವೆ ನಿಜವಾದ ಅಪಾಯವಿರುವುದು ಮತ್ತೊಂದೆಡೆ. ಕಡತ ತೆರೆಯದೆ ಕಂಗಾಲಾದವರು ಜಾಲದಲ್ಲಿ ಹುಡುಕಿದೊಡನೆ, 'ಕೆಟ್ಟ ಪಿಡಿಎಫ್ ಅನ್ನು ಉಚಿತವಾಗಿ ಸರಿಮಾಡಿಕೊಡುತ್ತೇವೆ' ಎಂಬ ಅಪರಿಚಿತ ತಾಣಗಳು ಸಾಲುಗಟ್ಟಿ ನಿಲ್ಲುತ್ತವೆ. ಮನೆಯ ಕ್ರಯಪತ್ರವನ್ನೋ ಆಧಾರನ್ನೋ ಅಲ್ಲಿಗೆ ಏರಿಸುವುದೆಂದರೆ, ಹಾದಿಯಲ್ಲಿ ಸಿಕ್ಕವನ ಕೈಗೆ ಪತ್ರಗಳ ಗಂಟನ್ನೇ ಒಪ್ಪಿಸಿದಂತೆ. ಅಲ್ಲಿ ಅದರ ಪ್ರತಿ ಎಷ್ಟು ದಿನ ಉಳಿಯುವುದೋ, ಯಾರ ಕಣ್ಣಿಗೆ ಬೀಳುವುದೋ ಕೇಳುವವರಿಲ್ಲ. ಅಲ್ಲದೆ, ಬಾಲ ಕತ್ತರಿಸಿದ ಕಡತದಲ್ಲಿ ಬಾರದೇ ಉಳಿದ ಭಾಗವನ್ನು ಯಾವ ತಾಣವೂ ಸೃಷ್ಟಿಸಿ ಕೊಡಲಾರದು. ಹೊಸ ಪ್ರತಿಯನ್ನು ಮೂಲದಿಂದಲೇ ತರಬೇಕು. ಬ್ಯಾಂಕಿನ ಲೆಕ್ಕಪಟ್ಟಿಗೆ ಬ್ಯಾಂಕಿನ ತಾಣಕ್ಕೆ ಮತ್ತೆ ಪ್ರವೇಶಿಸಿದರಾಯಿತು. ಇ-ಆಧಾರನ್ನಂತೂ ಪ್ರಾಧಿಕಾರದ ಅಧಿಕೃತ ತಾಣದಿಂದ ಎಷ್ಟು ಬಾರಿ ಬೇಕಾದರೂ ಹಣ ಕೊಡದೆ ಇಳಿಸಿಕೊಳ್ಳಬಹುದು. ನೋಂದಾಯಿತ ಮೊಬೈಲು ಪಕ್ಕದಲ್ಲಿದ್ದರೆ ಸಾಕು.