ಕಪಾಟಿನ ಗಣಿತ ಹೊರಗೆ ಬರಲಿ



ತರಗತಿಯಲ್ಲಿ 32ನ್ನು ಅರ್ಧ ಮಾಡಿಸಿ. ಬಂದದ್ದನ್ನು ಮತ್ತೆ ಅರ್ಧ ಮಾಡಿಸಿ: 16, 8, 4, 2, 1. ಒಟ್ಟು 5 ಸಲ. ಈ 5ಕ್ಕೆ 32ರ 'ಅರ್ಧಚ್ಛೇದ' ಎಂದು ಹೆಸರು. 4ರ ಅರ್ಧಚ್ಛೇದ 2, 8ರದ್ದು 3. 4ನ್ನು 8ರಿಂದ ಗುಣಿಸಿದರೆ 32. 2ಕ್ಕೆ 3 ಕೂಡಿಸಿದರೆ 5. ಗುಣಾಕಾರ ಸಂಕಲನವಾಯಿತು! ಇದು ಲಾಗರಿತಮ್ ಅಲ್ಲದೆ ಬೇರೇನಲ್ಲ. ಯುರೋಪಿನಲ್ಲಿ ನೇಪಿಯರ್ ಲಾಗರಿತಮ್ ಕೋಷ್ಟಕ ಪ್ರಕಟಿಸಿದ್ದು 1614ರಲ್ಲಿ. ಅದಕ್ಕೂ ಸುಮಾರು 800 ವರ್ಷ ಮೊದಲೇ ವೀರಸೇನಾಚಾರ್ಯರ 'ಧವಲಾ' ಟೀಕೆಯಲ್ಲಿ ಅರ್ಧಚ್ಛೇದದ ವಿಚಾರವಿದೆ.

ಆ ಟೀಕೆಯ ತಾಳೆಗರಿ ಪ್ರತಿಗಳು ಉಳಿದದ್ದು ಮೂಡುಬಿದಿರೆಯಲ್ಲಿ. ಅಜೆಕಾರಿನಿಂದ ಕಾರ್ಕಳ ದಾಟಿದರೆ ಸಿಗುವ ಊರು. ಭಕ್ತಿಯಿಂದ ಕಾಪಾಡಿದವರಿಗೆ ನಾವು ಋಣಿಗಳು. ಆದರೆ ಗರಿಗಳು ದರ್ಶನಕ್ಕಿದ್ದವು, ಓದಿಗೆ ಸಿಗುತ್ತಿರಲಿಲ್ಲ. ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ. ಅಲ್ಲಿಯವರೆಗೆ ಗಣಿತದ ಚರಿತ್ರೆ ಬರೆಯುವವರಿಗೆ ಅದು ಇದ್ದೂ ಇಲ್ಲದಂತೆ.

ಇಂದಿನ ತಾಳೆಗರಿಗಳು ಯಾವುವು? ನಮ್ಮ ಪ್ರಬಂಧಗಳು. ನಾನು ಎಂ.ಎಸ್ಸಿ.ಯಲ್ಲಿ ಬರೆದ ಗಣಿತದ ಕಿರುಪ್ರಬಂಧವನ್ನು ಕೆಲವು ವರ್ಷಗಳ ನಂತರ ಹುಡುಕಿಕೊಂಡು ಹೋದೆ. ಸಿಕ್ಕಿದ್ದು ಗೆದ್ದಲು ತಿಂದ ರಟ್ಟು. ಉಪಕರಣ ಹಳತಾಗುತ್ತದೆ, ಅಂಕಿಅಂಶ ಹಳತಾಗುತ್ತದೆ. ಸರಿಯಾದ ಸಾಧನೆ ಹಳತಾಗುವುದಿಲ್ಲ. ಆದ್ದರಿಂದಲೇ ಗಣಿತದ ಪ್ರಬಂಧ ಕಳೆದರೆ ನಷ್ಟ ಹೆಚ್ಚು.

ದಾರಿ ತೋರಿಸಿದವರು ನಮ್ಮ ರಾಜ್ಯದಲ್ಲೇ ಇದ್ದಾರೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 2000ದಲ್ಲಿ 'ವಿದ್ಯಾನಿಧಿ' ಎಂಬ ಡಿಜಿಟಲ್ ಪ್ರಬಂಧ ಭಂಡಾರದ ಕೆಲಸ ಆರಂಭವಾಯಿತು. 2009ರ ಯುಜಿಸಿ ನಿಯಮ ಎಂ.ಫಿಲ್., ಪಿಎಚ್.ಡಿ. ಪ್ರಬಂಧಗಳ ವಿದ್ಯುನ್ಮಾನ ಪ್ರತಿ ಕೊಡಬೇಕೆಂದಿತು. ಇಂದು ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರದ 'ಶೋಧಗಂಗಾ'ದಲ್ಲಿ ಲಕ್ಷಗಟ್ಟಲೆ ಪ್ರಬಂಧಗಳನ್ನು ಯಾರೂ ಉಚಿತವಾಗಿ ಓದಬಹುದು. ಆದರೆ ಆ ನಿಯಮ ಎಂ.ಎಸ್ಸಿ. ಕಿರುಪ್ರಬಂಧಕ್ಕಲ್ಲ, ನೀವು ಡಿ.ಇಡಿ., ಬಿ.ಇಡಿ.ಯಲ್ಲಿ ಮಾಡಿದ ಕ್ರಿಯಾ ಸಂಶೋಧನೆಗಂತೂ ಅಲ್ಲ. ಮಗು ಭಿನ್ನರಾಶಿಯಲ್ಲಿ ಎಲ್ಲಿ ಎಡವುತ್ತದೆ, ಹಿಂದಿನಿಂದ ದಶಕ ತರುವ ವ್ಯವಕಲನ ಏಕೆ ತಪ್ಪುತ್ತದೆ ಎಂದು ನೀವು ಕಂಡುಕೊಂಡದ್ದು ಆ ವರದಿಯಲ್ಲಿದೆ. ಅಂಕ ಬಂದ ಮೇಲೆ ಅದನ್ನು ಯಾರು ಓದಿದರು?

"ತೆರೆದಿಟ್ಟರೆ ನಕಲು ಮಾಡುತ್ತಾರೆ" ಎನ್ನುವವರಿದ್ದಾರೆ. ಕಪಾಟಿನಲ್ಲಿ ಮುಚ್ಚಿಟ್ಟದ್ದನ್ನು ನಕಲು ಮಾಡಿದರೆ ಯಾರಿಗೂ ತಿಳಿಯುವುದಿಲ್ಲ. ಎಲ್ಲರ ಕಣ್ಣೆದುರು ಇರುವುದನ್ನು ಕದ್ದವನು ಬೇಗ ಸಿಕ್ಕಿಬೀಳುತ್ತಾನೆ.

ಜಿಲ್ಲೆಗೊಂದು ಗಣಿತ ಪ್ರಬಂಧ ಭಂಡಾರ ಅಂತರಜಾಲದಲ್ಲಿ ಬೇಕು. ಡಯಟ್‌ಗಳು ಇದನ್ನು ವಹಿಸಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ಪುಟಗಳ ಫೋಟೋ ತೆಗೆದು ಹಾಕಿದರಷ್ಟೇ ಸಾಲದು. ಫೋಟೋದೊಳಗಿನ ಪದ ಹುಡುಕಿದರೆ ಸಿಗುವುದು ಕಷ್ಟ. ಕನ್ನಡವನ್ನು ಯೂನಿಕೋಡ್‌ನಲ್ಲಿ ಟೈಪ್ ಮಾಡಬೇಕು. ಗ್ರಂಥಾಲಯದ ಕಾರ್ಡಿನಂತೆ ಪ್ರತಿ ಪ್ರಬಂಧಕ್ಕೂ ಶೀರ್ಷಿಕೆ, ಲೇಖಕರು, ವರ್ಷ, ತರಗತಿ, ವಿಷಯ ಬರೆದಿರಬೇಕು. ಲೇಖಕರ ಒಪ್ಪಿಗೆ ಇರಬೇಕು. ಮಕ್ಕಳ ಹೆಸರು ತೆಗೆದಿರಬೇಕು.

ಭಂಡಾರ ಬರುವವರೆಗೆ ಕಾಯಬೇಡಿ. ಮನೆಯ ಅಟ್ಟದ ಮೇಲಿರುವ ನಿಮ್ಮ ವರದಿಯನ್ನು ಈ ಭಾನುವಾರ ಇಳಿಸಿ, ಧೂಳು ಕೊಡವಿ, ಮುಂದಿನ ಸಮಾಲೋಚನಾ ಸಭೆಗೆ ತನ್ನಿ. ಒಬ್ಬರಾದರೂ ಓದಲಿ. ಗೆದ್ದಲಿಗಿಂತ ಮೊದಲು!