ಹಾಡಿನ ಮರೆಯಲ್ಲಿ ಬೆದರಿಕೆ

ರಕ್ತ, ಕತ್ತಿ, ಸಾವುಗಳಿಂದ ತುಂಬಿದ ಹಾಡಿನ ಸಾಲೊಂದನ್ನು ಎದುರಾಳಿಯ ಮುಖಕ್ಕೆ ಎಸೆಯುವುದು, ಪ್ರಶ್ನಿಸಿದರೆ ‘ಅದು ಬರೀ ಹಾಡು ತಾನೇ’ ಎಂದು ಜಾರಿಕೊಳ್ಳುವುದು. ಈ ಚಾಳಿ ಇಂದು ಎಲ್ಲ ಪಾಳಯಗಳಲ್ಲೂ ಕಾಣುತ್ತಿದೆ. ಹಾಡು ಬೆದರಿಕೆಯಾಗಬಲ್ಲದೇ? ಈ ಪ್ರಶ್ನೆಗೆ ನಮಗೊಂದು, ಪರರಿಗೊಂದು ಉತ್ತರ ಇರಲಾಗದು.

2025ರ ಜನವರಿಯಲ್ಲಿ ಗುಜರಾತಿನ ಜಾಮ್‌ನಗರ ಪೊಲೀಸರು ರಾಜ್ಯಸಭಾ ಸದಸ್ಯ, ಕವಿ ಇಮ್ರಾನ್ ಪ್ರತಾಪ್‌ಗಢಿಯವರ ಮೇಲೆ ಮೊಕದ್ದಮೆ ದಾಖಲಿಸಿದರು. ಸಾಮೂಹಿಕ ವಿವಾಹವೊಂದರ ವೀಡಿಯೋದ ಹಿನ್ನೆಲೆಯಲ್ಲಿ ಕೇಳಿಬಂದ ಉರ್ದು ಕವಿತೆಯೇ ಅವರ ಅಪರಾಧವಾಗಿತ್ತು. ಕವಿತೆಯಲ್ಲಿ ರಕ್ತದ ಮಾತಿತ್ತು, ನಿಜ. ಆದರೆ ಅನ್ಯಾಯವನ್ನು ಪ್ರೀತಿಯಿಂದ ಎದುರಿಸುವುದೇ ಅದರ ಆಶಯವಾಗಿತ್ತು. ಮಾರ್ಚ್ 28ರಂದು ಸುಪ್ರೀಂ ಕೋರ್ಟು ಮೊಕದ್ದಮೆಯನ್ನು ರದ್ದುಪಡಿಸಿತು. ಮಾತಿನ ಪರಿಣಾಮವನ್ನು ದೃಢಚಿತ್ತರ ದೃಷ್ಟಿಯಿಂದ ಅಳೆಯಬೇಕೇ ಹೊರತು ದುರ್ಬಲ ಮನಸ್ಸಿನವರ ದೃಷ್ಟಿಯಿಂದಲ್ಲ ಎಂದು ನ್ಯಾಯಮೂರ್ತಿಗಳಾದ ಅಭಯ್ ಓಕಾ ಮತ್ತು ಉಜ್ಜಲ್ ಭುಯಾನ್ ಸ್ಪಷ್ಟಪಡಿಸಿದರು.

ಹಾಗಾದರೆ ಹಾಡಿಗೆ ಸರ್ವತಂತ್ರ ಸ್ವಾತಂತ್ರ್ಯವಿದೆಯೇ? ಇಲ್ಲ. ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಮಿನ ಪ್ರಕಾರ, ಭಯ ಹುಟ್ಟಿಸುವ ಉದ್ದೇಶದಿಂದ ಹಾನಿಯ ಬೆದರಿಕೆ ಒಡ್ಡುವುದು ಅಪರಾಧ. ಅದು ಗದ್ಯದಲ್ಲೇ ಇರಬೇಕೆಂದು ಕಾನೂನು ಹೇಳುವುದಿಲ್ಲ. ಅಮೆರಿಕದಲ್ಲಿ ತನ್ನನ್ನು ತೊರೆದ ಪತ್ನಿಯ ಕುರಿತು ಹಿಂಸೆಯ ಸಾಲುಗಳನ್ನು ಫೇಸ್‌ಬುಕ್‌ನಲ್ಲಿ ಬರೆದ ಇಲೋನಿಸ್ ಎಂಬಾತ, ಅವು ರ‍್ಯಾಪ್ ಹಾಡುಗಳೆಂದು ವಾದಿಸಿದ್ದ. ಕೇಳುವವರು ಬೆದರಿಕೆ ಎಂದು ಭಾವಿಸಿದರಷ್ಟೇ ಸಾಲದು, ಬರೆದವನ ಮನಸ್ಸನ್ನೂ ನೋಡಬೇಕು ಎಂದು ಅಲ್ಲಿನ ಸುಪ್ರೀಂ ಕೋರ್ಟು 2015ರಲ್ಲಿ ಹೇಳಿತು. ಆದರೂ ಮರುವಿಚಾರಣೆ ನಡೆಸಿದ ಕೆಳಗಿನ ಮೇಲ್ಮನವಿ ನ್ಯಾಯಾಲಯ 2016ರಲ್ಲಿ ಆತನ ಶಿಕ್ಷೆಯನ್ನು ಎತ್ತಿಹಿಡಿಯಿತು.

ನಮ್ಮ ಅಭಿಪ್ರಾಯದಲ್ಲಿ ನೋಡಬೇಕಾದುದು ಪದಗಳನ್ನಲ್ಲ, ಅವು ಯಾರತ್ತ ನೆಟ್ಟಿವೆ ಎಂಬುದನ್ನು. ಮುಶಾಯಿರಾದ ವೇದಿಕೆಯಲ್ಲಿ ಓದಿದ ಸಾಲು ಕಾವ್ಯ. ಅದೇ ಸಾಲನ್ನು ಒಬ್ಬನ ಹೆಸರು ಹಿಡಿದು, ಅವನ ಮನೆಯ ಚಿತ್ರದೊಂದಿಗೆ ಕಳುಹಿಸಿದರೆ ಅದು ಬೆದರಿಕೆ. ಮಸೀದಿಯ ಮುಂದೆ ಮೆರವಣಿಗೆ ನಿಲ್ಲಿಸಿ ಕೊಲೆಯ ಹಾಡು ಮೊಳಗಿಸುವುದು ಭಕ್ತಿಯಲ್ಲವೆಂದು ನಾವು ಸರಿಯಾಗಿಯೇ ದೂರುತ್ತೇವೆ. ಆದರೆ ನೆರೆಯವನೊಡನೆ ಜಗಳವಾದ ರಾತ್ರಿ ನಮ್ಮ ಹುಡುಗ ವಾಟ್ಸಾಪ್ ಸ್ಟೇಟಸ್‌ನಲ್ಲಿ ಕತ್ತಿ ಝಳಪಿಸುವ ಹಾಡು ಹಾಕಿದರೆ ಏಕೆ ನಕ್ಕು ಸುಮ್ಮನಾಗುತ್ತೇವೆ?

ಪವಿತ್ರ ಕುರ್‌ಆನ್ ಕವಿಗಳ ಹೆಸರಿನದೇ ಒಂದು ಅಧ್ಯಾಯವನ್ನು ಒಳಗೊಂಡಿದೆ. ಅದರ ಕೊನೆಯಲ್ಲಿ ದಾರಿತಪ್ಪಿದ ಕವಿಗಳನ್ನು ಖಂಡಿಸುತ್ತಲೇ, ಅನ್ಯಾಯಕ್ಕೊಳಗಾಗಿ ಪ್ರತಿರೋಧಿಸುವ ಸತ್ಯವಿಶ್ವಾಸಿಗಳಿಗೆ ವಿನಾಯಿತಿ ನೀಡಲಾಗಿದೆ. ಪ್ರವಾದಿ(ಸ)ರ ಪರವಾಗಿ ಹಸ್ಸಾನ್ ಬಿನ್ ಸಾಬಿತ್(ರ) ಕವಿತೆಯಿಂದಲೇ ಉತ್ತರಿಸಿದ್ದರು. ಪ್ರತಿರೋಧದ ಕಾವ್ಯ ನಮ್ಮ ಪರಂಪರೆ, ಭಯಪಡಿಸುವುದು ಅಲ್ಲ. ಯಾರ ನಾಲಗೆ ಮತ್ತು ಕೈಗಳಿಂದ ಜನರು ಸುರಕ್ಷಿತರೋ ಅವನೇ ಮುಸ್ಲಿಮ್ ಎಂಬ ಪ್ರವಾದಿ ಬೋಧನೆ ಮೊಬೈಲ್ ಹಿಡಿದ ಬೆರಳಿಗೂ ಅನ್ವಯಿಸುತ್ತದೆ.

ಜಾಮ್‌ನಗರದ ತೀರ್ಪಿನಿಂದ ದೊರೆತ ರಕ್ಷಣೆಯನ್ನು ಉಳಿಸಿಕೊಳ್ಳಬೇಕಾದರೆ, ಕಾವ್ಯವನ್ನು ಬೆದರಿಕೆಯ ಮುಸುಕಾಗಿಸದಿರುವ ಹೊಣೆಯನ್ನು ಮೊದಲು ನಮ್ಮ ಮನೆಗಳಲ್ಲಿಯೇ ಹೊರಬೇಕಾಗಿದೆ.