ಬೂದಿನೆಲ ಬರಿದಲ್ಲ

ಸ್ಪೇನಿಗೆ ಸೇರಿದ ಲಾಂಜರೋಟೆ ದ್ವೀಪದ ಬಗ್ಗಿ ಸವಾರಿಯೆಲ್ಲ ನಿಂತಿರುವುದು ಒಂದು ನಂಬಿಕೆಯ ಮೇಲೆ: ಇದು ಚಂದ್ರನಂಥ ಖಾಲಿ ನೆಲ, ಧೂಳೆಬ್ಬಿಸಿದರೆ ಯಾರ ಗಂಟೂ ಹೋಗದು. ಈ ನಂಬಿಕೆಯೇ ಸುಳ್ಳು.

1730ರಿಂದ 1736ರವರೆಗೆ ಇಲ್ಲಿ ಭೂಮಿ ಬೆಂಕಿಯುಗುಳಿತು. ಊರುಗಳು, ಹೊಲಗಳು ಲಾವಾದಡಿ ಹೂತುಹೋದವು. ಆದರೂ ರೈತರು ಲಾ ಹೆರಿಯಾದ ಬೂದಿಯಲ್ಲಿ ಗುಂಡಿ ತೋಡಿ ದ್ರಾಕ್ಷಿ ನೆಟ್ಟರು, ಗಾಳಿಗೆ ಅಡ್ಡವಾಗಿ ಅರೆವೃತ್ತದ ಕಲ್ಲುಗೋಡೆ ಕಟ್ಟಿದರು. ಮಳೆ ಅಪರೂಪವಾದ ಆ ನಾಡಿನಲ್ಲಿ ಬೇರಿಗೆ ತೇವ ಉಳಿಸಿಕೊಡುವುದು ಅದೇ ಕರಿಬೂದಿ. ಲಾವಾ ಕಲ್ಲಿನ ಮೇಲೆ ಕಲ್ಲುಹೂವು ಹಬ್ಬಲು ತಲೆಮಾರುಗಳೇ ಬೇಕು. ದಾರಿ ಬಿಟ್ಟ ಗಾಲಿಗೆ ಅದನ್ನು ಕೆರೆದುಹಾಕಲು ಒಂದು ಕ್ಷಣ ಸಾಕು.

ಮಾರ್ಗದರ್ಶಿ ದಾರಿ ಬಿಡಿಸುವುದಿಲ್ಲ, ಸ್ಥಳೀಯರಿಗೂ ದುಡಿಮೆ ಸಿಗುತ್ತದೆ ಎನ್ನುವಿರಿ. ಒಪ್ಪೋಣ. ಆದರೆ ಹೆಲ್ಮೆಟ್ ಹಾಕಿ, ಎಂಜಿನ್ನಿನ ಅಬ್ಬರದಲ್ಲಿ ಕೂತವನಿಗೆ ಆತ ಏನು ತೋರಿಸಬಲ್ಲ? ಮುಂದಿನ ಬಗ್ಗಿಯ ಧೂಳನ್ನಷ್ಟೇ.

2024ರ ಏಪ್ರಿಲ್‌ನಲ್ಲಿ ಲಾಂಜರೋಟೆಯೂ ಸೇರಿದಂತೆ ಕೆನರಿ ದ್ವೀಪಗಳ ಜನ ಬೀದಿಗಿಳಿದು, ಪ್ರವಾಸೋದ್ಯಮಕ್ಕೆ ಮಿತಿ ಬೇಕೆಂದರು. ಪ್ರವಾಸಿಗರೇ ಬೇಡವೆನ್ನಲಿಲ್ಲ. ಹಾಗಿದ್ದರೆ ಹೋಗೋಣ, ಆದರೆ ಗುರುತಿಸಿದ ಕಾಲುದಾರಿಯಲ್ಲಿ, ನಡೆದೇ ಹೋಗೋಣ. ಆ ದ್ರಾಕ್ಷಿ ಗುಂಡಿಯ ಅಂಚಿನಲ್ಲಿ ಒಂದು ಗಳಿಗೆ ನಿಂತವರು ಇದನ್ನು ಖಾಲಿ ನೆಲವೆನ್ನಲಾರರು.